ಇಳೀರಮ್ಮಾ, ಇಳೀರಿ

ನನ್ನ ಕೆಲಸ ಜನರನ್ನು ಹತ್ತಿಸಿಕೊಳ್ಳುವುದಾಗಿತ್ತು. ಟ್ರಾಮ್ ಬಂದ ಮೇಲೆ ಇಳಿಸುವುದಾಯಿತು.

ನಾನು ಬಸ್ ಕಂಡಕ್ಟರ್. ಗುಡ್ಡದ ಕೇರಿಯ ಬಸ್ಸು ನನ್ನದು. ನನ್ನದು ಅಂದರೆ ನಮ್ಮಪ್ಪ ಬಿಟ್ಟುಹೋದ ಆಸ್ತಿಯಲ್ಲ. ನಿಂತು ನಿಂತು ನಾನು ಸೊಂಟ ಬೀಳಿಸಿಕೊಂಡ ಬಸ್ಸು. ಮೊದಲು ಅದು ಕಲ್ಲುಗಣಿಯ ಬಾಯಿಂದ ಹೊರಟು, ಗುಡ್ಡ ಇಳಿದು, ದೊಡ್ಡ ರಸ್ತೆ ಹಿಡಿದು, ಆಸ್ಪತ್ರೆ, ಲಾಡ್ಜುಗಳ ಸಾಲು, ಮಾರ್ಕೆಟ್ಟು ಎಲ್ಲ ದಾಟಿ ಊರಿನ ಆ ತುದಿಗೆ ಹೋಗುತ್ತಿತ್ತು. ಒಂದೇ ಟಿಕೆಟ್ಟು. ಹತ್ತಿದರೆ ಮುಗಿಯಿತು. ಸೊಪ್ಪು ಮಾರುವ ಅಜ್ಜಿ ಬುಟ್ಟಿಯನ್ನು ಎಂಜಿನ್ ಪಕ್ಕ ಇಟ್ಟು ನಿದ್ದೆ ಹೋಗುತ್ತಿದ್ದಳು. ಮಾರ್ಕೆಟ್ ಬಂದಾಗ ನಾನೇ ಎಬ್ಬಿಸುತ್ತಿದ್ದೆ.

ಈಗ ಬಸ್ಸು ದೊಡ್ಡ ರಸ್ತೆಯ ಬಾಯಲ್ಲೇ ನಿಲ್ಲುತ್ತದೆ. ಅಲ್ಲಿಂದ ಮುಂದೆ ಟ್ರಾಮು. ಟ್ರಾಮ್ ಓಡುವ ರಸ್ತೆಯಲ್ಲಿ ಬಸ್ಸು ಜನರನ್ನು ಕೂರಿಸಿಕೊಂಡು ಓಡುವ ಹಾಗಿಲ್ಲ. ಅದು ಹುಕುಂ. ಆ ಟ್ರಾಮಿಗೆ ಊರಿನ ದುಡ್ಡೆಲ್ಲ ಸುರಿದಿದ್ದಾರೆ. ಸುರಿದದ್ದು ವಾಪಸ್ಸು ಬರಬೇಕಲ್ಲ? ಬರಬೇಕಾದರೆ ಟ್ರಾಮು ತುಂಬಬೇಕು. ಟ್ರಾಮು ತುಂಬಬೇಕಾದರೆ ಬಸ್ಸು ಸಾಯಬೇಕು. ಇಷ್ಟು ಕಂಡುಹಿಡಿಯುವುದಕ್ಕೆ ದೊಡ್ಡವರೆಲ್ಲ ಕೋಟು ಹಾಕಿಕೊಂಡು ಮೀಟಿಂಗ್ ಮಾಡಿದರು. ಅರ್ಧ ಬಸ್ಸುಗಳನ್ನು ಗುಜರಿಗೆ ಹಾಕಿದರು. ಉಳಿದವಕ್ಕೆ ದರ ಏರಿಸಿದರು. ಈಗ ಗುಡ್ಡದಿಂದ ದೊಡ್ಡ ರಸ್ತೆಯವರೆಗೆ ಬರುವುದಕ್ಕೇ ಹಿಂದಿನ ಪೂರ್ತಿ ದಾರಿಯ ದರ. ಟ್ರಾಮಿನದು ಬೇರೆ.

ನಮ್ಮ ಬಸ್ಸಿಗೆ ಹೊಸ ಹೆಸರನ್ನೂ ಇಟ್ಟರು. ಫೀಡರ್.

"ಫೀಡರ್ ಅಂದ್ರೆ ಏನು ಗೊತ್ತಾ ತಂಗಿ?" ಡ್ರೈವರಣ್ಣ ಕೇಳಿದ. "ತಿನ್ನಿಸೋದು ಅಂತ. ಟ್ರಾಮಿಗೆ ಹಸಿವಾಗುತ್ತಂತೆ. ನಾವು ಗುಡ್ಡದಿಂದ ಜನ ತಂದು ಅದರ ಬಾಯಿಗೆ ಹಾಕ್ಬೇಕು."

"ನಮ್ಮ ಬಾಯಿಗೆ?"

"ಮಣ್ಣು."

ಇಬ್ಬರೂ ನಕ್ಕೆವು. ಅವನು ರಿಟೈರಾಗಲು ಕಾಯುತ್ತಿದ್ದವನು, ನಗಬಹುದಿತ್ತು. ನಾನು ಯಾಕೆ ನಕ್ಕೆನೋ.

ಟ್ರಾಮು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಮೊದಲ ವಾರ ಪುಕ್ಕಟೆ ಬಿಟ್ಟಿದ್ದಾಗ ನಾನೂ ಹತ್ತಿ ಕೂತೆ. ತಣ್ಣಗಿತ್ತು. ಕುಲುಕಲಿಲ್ಲ. ಹೊಗೆ ಇಲ್ಲ, ಬೆವರಿನ ವಾಸನೆ ಇಲ್ಲ. ಟಿಕೆಟ್ ನೋಡಲು ಬಂದ ಹುಡುಗಿ ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿದ್ದಳು. ನನ್ನ ಖಾಕಿಯ ಕಂಕುಳಲ್ಲಿ ಉಪ್ಪಿನ ಗೆರೆ ಇತ್ತು. ಆ ನೀಲಿ ಅಂಗಿಯ ಮೇಲೆ ನನಗೆ ಆಸೆ ಹುಟ್ಟಿತು. ಬಸ್ಸುಗಳು ಕಡಿಮೆಯಾದಂತೆ ನಮ್ಮಂಥ ಟೆಂಪರರಿಗಳನ್ನು ಮನೆಗೆ ಕಳಿಸುತ್ತಾರೆ, ಒಳ್ಳೆಯವರು ಅನ್ನಿಸಿಕೊಂಡ ಕೆಲವರನ್ನು ಟ್ರಾಮಿಗೆ ತೆಗೆದುಕೊಳ್ಳುತ್ತಾರೆ ಅಂತ ಸುದ್ದಿ ಇತ್ತು. ಒಳ್ಳೆಯವರು ಯಾರು ಅಂತ ಹೇಳುವವನು ಚೆಕಿಂಗ್ ಇನ್ಸ್‌ಪೆಕ್ಟರು. ಬಸ್ಸು ಹತ್ತುವ ಮುಂಚೆ ಎರಡು ಸಲ ಕೆಮ್ಮುವ ಅಭ್ಯಾಸ ಅವನಿಗೆ. ನಾವು ಕೆಮ್ಮು ಸಾಹೇಬ ಅನ್ನುತ್ತಿದ್ದೆವು. ಆ ಕೆಮ್ಮು ಕೇಳಿದರೆ ನಾನು ನಾಯಿಯ ಹಾಗೆ ಎದ್ದು ನಿಲ್ಲುತ್ತಿದ್ದೆ.

ಇನ್ನು ನನ್ನ ಅಮ್ಮ.

ಅಮ್ಮ ಲಾಡ್ಜುಗಳ ಹಾಸು, ದಿಂಬಿನ ಚೀಲ ಒಗೆಯುತ್ತಾಳೆ. ಯಾರ್ಯಾರೋ ಮಲಗಿ ಎದ್ದುಹೋದ ಹಾಸುಗಳು. ರಕ್ತ ಇರುತ್ತದೆ, ವಾಂತಿ ಇರುತ್ತದೆ, ಹೇಳಬಾರದ್ದೂ ಇರುತ್ತದೆ. ಮನೆಯ ಹಿಂದಿನ ಕಲ್ಲಿನ ಮೇಲೆ ಎತ್ತಿ ಎತ್ತಿ ಬಡಿಯುತ್ತಾಳೆ. ಅವಳ ಬೆರಳ ಸಂದಿಯಲ್ಲಿ ಚರ್ಮ ಕೂಡಿಕೊಂಡಿದ್ದು ನಾನು ನೋಡಿಲ್ಲ, ಯಾವಾಗಲೂ ಒಡೆದೇ ಇರುತ್ತದೆ. ಬೆಳಗಾದರೆ ಮಡಿಸಿದ ಹಾಸುಗಳನ್ನು ಮೂಟೆ ಕಟ್ಟಿಕೊಂಡು ನನ್ನ ಬಸ್ಸಿನಲ್ಲೇ ಪೇಟೆಗೆ ಹೊರಡುತ್ತಾಳೆ. ಲಾಡ್ಜಿನ ಕೋಣೆಗಳು ಖಾಲಿಯಾಗುವ ಹೊತ್ತಿಗೆ ಹಾಸು ತಲುಪಿರಬೇಕು. ತಡವಾದರೆ ಕೆಲಸ ಬೇರೆಯವರಿಗೆ. ಒಗೆಯುವ ಮೆಷಿನ್ ಇಟ್ಟುಕೊಂಡವರು ಬಾಯಿ ತೆರೆದುಕೊಂಡು ಕೂತಿದ್ದಾರೆ.

ಬಸ್ಸಿನಲ್ಲಿ ನಾನು ಅವಳನ್ನು ಅಮ್ಮ ಅಂತಲೇ ಕರೆಯುತ್ತಿದ್ದೆ. ಕಂಡಕ್ಟರಿಗೆ ಎಲ್ಲ ಹೆಂಗಸರೂ ಅಮ್ಮನೇ. ಟಿಕೆಟ್ ತಗೊಳ್ಳೀಮ್ಮಾ, ಮುಂದೆ ಹೋಗೀಮ್ಮಾ, ಚಿಲ್ಲರೆ ಕೊಡೀಮ್ಮಾ. ಅವಳೊಬ್ಬಳಿಗೆ ಮಾತ್ರ ಮುಂದೆ ಹೋಗಮ್ಮಾ. ಅಷ್ಟೇ ವ್ಯತ್ಯಾಸ. ಕೇರಿಯವರಿಗೆ ನಾವು ತಾಯಿ ಮಗಳು ಅಂತ ಗೊತ್ತಿತ್ತು. ಇಲಾಖೆಯವರಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ಕೊಳೆ ಹಾಸು ಒಗೆಯುವವಳ ಮಗಳು ಅಂತ ಯಾರ ಮುಂದೆ ಹೇಳಿಕೊಳ್ಳಲಿ ಅನ್ನಿಸುತ್ತಿತ್ತು. ಥೂ, ಈಗ ಬರೆಯಲೂ ಕೈ ಬರುವುದಿಲ್ಲ.

ಟ್ರಾಮಿಗೆ ಅವಳು ಹೋಗಲಿಲ್ಲವೇ? ಹೋದಳು. ಎರಡನೇ ಟಿಕೆಟ್ಟಿಗೂ ಸೆರಗಿನ ಗಂಟು ಬಿಚ್ಚಿದಳು. ಬಾಗಿಲಲ್ಲೇ ಗಾರ್ಡು ಕೈ ಅಡ್ಡ ಹಿಡಿದ.

"ಮೂಟೆ ಒಳಗೆ ಬಿಡಲ್ಲ."

"ಅವ್ರ ಪೆಟ್ಟಿಗೆ ಬಿಟ್ರಲ್ಲಪ್ಪ?"

"ಅದಕ್ಕೆ ಚಕ್ರ ಇದೆ. ಚಕ್ರ ಇರೋ ಲಗೇಜಿಗೆ ಮಾತ್ರ ಪರ್ಮಿಶನ್."

"ನನ್ನ ಕಾಲಿಗೆ ಚಕ್ರ ಕಟ್ಟಿಸ್ಕೊಂಡು ಬರ್ಲಾ?"

"ತಮಾಷೆ ಬೇಡ. ಗಲೀಜು ಬಟ್ಟೆ ನೋಡಿದ್ರೆ ಜನ ಕಂಪ್ಲೇಂಟ್ ಮಾಡ್ತಾರೆ."

"ಗಲೀಜಾ? ಮೂಸಿ ನೋಡು. ನಿನ್ನ ಅಂಗಿಗಿಂತ ಬೆಳ್ಳಗಿದೆ."

ಬಾಗಿಲು ಮುಚ್ಚಿಕೊಂಡಿತು. ಟ್ರಾಮು ಹೋಯಿತು. ಅಮ್ಮ ಮೂಟೆಯನ್ನು ತಲೆಗೆ ಏರಿಸಿಕೊಂಡು ದೊಡ್ಡ ರಸ್ತೆಯಲ್ಲಿ ನಡೆದಳು. ಸೊಪ್ಪಿನಜ್ಜಿಯ ಬುಟ್ಟಿಗೂ ಅದೇ ಗತಿ. ಆಸ್ಪತ್ರೆಯ ಆಯಾಗಳಿಗೆ, ಗಾರೆ ಕೆಲಸದವರಿಗೆ ಎರಡು ಟಿಕೆಟ್ಟು ಎಟುಕಲಿಲ್ಲ. ಅವರೂ ನಡೆದರು. ಮೊದಲು ಅಲ್ಲಿ ಫುಟ್‌ಪಾತ್ ಇತ್ತು. ಹಳಿ ಹಾಕಲು ಅದನ್ನು ಕಿತ್ತಿದ್ದರು. ಒಂದು ಕಡೆ ಅಂಗಡಿಗಳ ಗೋಡೆ, ಇನ್ನೊಂದು ಕಡೆ ಹಳಿ. ನಡುವೆ ಚರಂಡಿಯ ಕಲ್ಲು. ಅದರ ಮೇಲೆ ಸಾಲಾಗಿ ನಡೆಯಬೇಕು.

ಇದರಲ್ಲಿ ಹೊಟ್ಟೆ ಉರಿಯುವ ಮಾತು ಇನ್ನೊಂದಿದೆ. ಡೀಸೆಲ್ ಹಾಕಿಸುವ ಡಿಪೋ ಇರುವುದು ಊರಿನ ಆ ತುದಿಯಲ್ಲಿ. ಬೆಳಗಿನ ಟ್ರಿಪ್ ಮುಗಿದ ಮೇಲೆ ನಮ್ಮ ಬಸ್ಸು ಅಲ್ಲಿಗೆ ಹೋಗಲೇಬೇಕು. ಅದೇ ದೊಡ್ಡ ರಸ್ತೆಯಲ್ಲಿ. ಆಸ್ಪತ್ರೆಯ ಮುಂದೆ, ಲಾಡ್ಜುಗಳ ಮುಂದೆ, ಮಾರ್ಕೆಟ್ಟಿನ ಮುಂದೆ. ಖಾಲಿ. ಎಲ್ಲ ಸೀಟು ಖಾಲಿ. ಎಲ್ಲರನ್ನೂ ಇಳಿಸಿ, ಮುಂದೆ ಡಿಪೋ ಅಂತ ಬೋರ್ಡು ಹಾಕಿಕೊಂಡು, ಆ ಇಳಿಸಿದವರ ಪಕ್ಕದಲ್ಲೇ ಖಾಲಿ ಬಸ್ಸು ಓಡಿಸಿಕೊಂಡು ಹೋಗುತ್ತೇವೆ. ಇದನ್ನು ಯೋಜನೆ ಅನ್ನುತ್ತಾರೆ.

ಮೊದಲ ದಿನವೇ ಆಸ್ಪತ್ರೆಯ ಹತ್ತಿರ ಅಮ್ಮ ಕಂಡಳು. ಒಂದು ಕೈ ಮೂಟೆಯ ಮೇಲೆ, ಒಂದು ಕೈ ಸೊಂಟದ ಮೇಲೆ. ಕತ್ತಿನ ನರ ಹಗ್ಗದ ಹಾಗೆ ಎದ್ದಿತ್ತು. ಡ್ರೈವರಣ್ಣ ವೇಗ ತಗ್ಗಿಸಿದ.

"ನಿಮ್ಮಮ್ಮ ಅಲ್ವಾ? ನಿಲ್ಲಿಸ್ಲಾ?"

"ಬೇಡಣ್ಣ. ಚೆಕಿಂಗ್ ಇರುತ್ತೆ. ಹೋಗು."

ಹೋಗು ಅಂದವಳು ಸುಮ್ಮನೆ ಕೂತಿದ್ದರೂ ಆಗುತ್ತಿತ್ತು. ಚಪ್ಪಲಿಯ ಪಟ್ಟಿ ಕಿತ್ತುಹೋದವಳ ಹಾಗೆ ಬಗ್ಗಿದೆ. ಕಿಟಕಿಗಿಂತ ಕೆಳಗೆ. ಬಸ್ಸು ಅಮ್ಮನನ್ನು ದಾಟುವವರೆಗೂ ಬಗ್ಗಿಯೇ ಇದ್ದೆ. ಅವಳು ನೋಡಿರಲಿಕ್ಕಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ನೋಡಿದ್ದಳು. ಅವಳು ಮೂಟೆಯನ್ನು ಒಂದು ಬದಿಗೆ ಸರಿಸಿ ಬಸ್ಸಿನೊಳಗೆ ಕಣ್ಣು ಹಾಯಿಸಿದ್ದು ಕನ್ನಡಿಯಲ್ಲಿ ಡ್ರೈವರಣ್ಣನಿಗೆ ಕಂಡಿತ್ತು. ಡಿಪೋ ಮುಟ್ಟಿದ ಮೇಲೆ ಅವನೇ ಹೇಳಿದ.

ಹೀಗೇ ನಡೆಯಿತು. ಆಮೇಲೊಂದು ಬೆಳಿಗ್ಗೆ ಎಲ್ಲರೂ ಇಳಿದರು, ಅಮ್ಮ ಇಳಿಯಲಿಲ್ಲ. ಮೂಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಅವಳ ಕಾಲು ಬಾತಿತ್ತು.

"ಡಿಪೋಗೆ ಹೋಗ್ತಿದೀಯಲ್ಲ, ಲಾಡ್ಜ್ ಹತ್ರ ಬಿಡು. ಪುಕ್ಕಟೆ ಬೇಡ. ಟಿಕೆಟ್ ಹರಿ."

"ಮೆಷಿನಲ್ಲಿ ಆ ಸ್ಟಾಪೇ ಇಲ್ಲಮ್ಮ. ತೆಗೆದುಬಿಟ್ಟಿದ್ದಾರೆ."

ಸುಳ್ಳಲ್ಲ. ಆಸ್ಪತ್ರೆ, ಲಾಡ್ಜ್, ಮಾರ್ಕೆಟ್ಟು, ಎಲ್ಲ ಹೆಸರನ್ನೂ ಟಿಕೆಟ್ ಮೆಷಿನ್ನಿನಿಂದ ಅಳಿಸಿದ್ದರು. ಟಿಕೆಟ್ ಕೊಡಲು ಬರುವುದಿಲ್ಲ. ಟಿಕೆಟ್ ಇಲ್ಲದೆ ಯಾರಾದರೂ ಕೂತಿದ್ದರೆ ಕಳ್ಳಿ ನಾನು. ಅದನ್ನು ಅಮ್ಮನಿಗೆ ಹೇಗೆ ಹೇಳಲಿ ಅಂತ ಯೋಚಿಸುವಾಗ ಹಿಂದಿನ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಎರಡು ಸಲ.

"ಇಳೀರಿ," ಅಂದೆ.

ಅಮ್ಮ ತಲೆ ಎತ್ತಿದಳು.

"ಇಳೀರಮ್ಮಾ, ಇಳೀರಿ. ಎಷ್ಟು ಸಲ ಹೇಳ್ಬೇಕು ನಿಮಗೆ? ಕೊನೇ ಸ್ಟಾಪ್ ಅಂದ್ರೆ ಅರ್ಥ ಆಗಲ್ವಾ?"

ನನ್ನ ಬಾಯಿಂದಲೇ ಬಂತು. ಗಟ್ಟಿಯಾಗಿ, ಸಾಹೇಬನಿಗೆ ಕೇಳಲಿ ಅಂತ. ಕೆಳಗೆ ನಿಂತಿದ್ದ ಸೊಪ್ಪಿನಜ್ಜಿ ಬುಟ್ಟಿ ಎತ್ತಿಕೊಳ್ಳುವುದನ್ನು ಮರೆತು ನನ್ನನ್ನು ನೋಡಿದಳು. ಅಮ್ಮ ಬಾತ ಕಾಲನ್ನು ಒಂದೊಂದಾಗಿ ಮೆಟ್ಟಿಲಿಗೆ ಇಟ್ಟು ಇಳಿದಳು.

ಆವತ್ತು ಸಂಜೆ ಒದ್ದೆ ಹಾಸು ಹಿಂಡಲು ಕರೆದಳು. ಅದು ಇಬ್ಬರ ಕೆಲಸ. ಒಬ್ಬರು ಒಂದು ತುದಿ ಹಿಡಿದು ಬಲಕ್ಕೆ ತಿರುಚಬೇಕು, ಇನ್ನೊಬ್ಬರು ಎಡಕ್ಕೆ. ಹಾಸು ಹಗ್ಗವಾಗಿ ನೀರು ಕಕ್ಕುತ್ತದೆ. ಅವಳು ಆ ತುದಿ, ನಾನು ಈ ತುದಿ. ತಪ್ಪಿಸಿಕೊಂಡು ಎಲ್ಲಿಗೂ ಹೋಗುವ ಹಾಗಿಲ್ಲ.

"ಯಾವಾಗಿಂದ ನಾನು ನಿಂಗೆ 'ನೀವು' ಆದೆ?" ಕೇಳಿದಳು.

"ಸಾಹೇಬ್ರು ಬಂದ್ರಮ್ಮ."

"ಬರ್ಲಿ. ಅವ್ರಿಗೆ ಅನ್ನು ನೀವು ಅಂತ. ಬೇಕಾದ್ರೆ ಕಾಲಿಗೆ ಬಿದ್ದು ಅನ್ನು. ನಂಗ್ಯಾಕೆ?"

"ಕೆಲ್ಸ ಹೋಗುತ್ತೆ."

"ಬೈದಿದ್ರೆ ಬೇಜಾರಿರ್ಲಿಲ್ಲ. ಹೋಗೇ ಮುದುಕಿ, ಇಳಿ ಕೆಳಗೆ ಅಂದಿದ್ರೂ ಮಗಳು ಬೈದ್ಲು ಅಂದ್ಕೋತಿದ್ದೆ."

ನನ್ನ ಕೈ ಸಡಿಲವಾಯಿತು.

"ಗಟ್ಟಿಯಾಗಿ ಹಿಡಿ. ಮಣ್ಣಿಗೆ ಬಿಟ್ರೆ ಮತ್ತೆ ನಾನೇ ಒಗೀಬೇಕು."

ಆಮೇಲೆ ಅವಳೇ ಹೇಳಿದಳು. ದೊಡ್ಡ ಲಾಡ್ಜಿನವನು ಬೇಡ ಅಂದಿದ್ದಾನೆ, ತಡವಾಯಿತಂತೆ. ಉಳಿದ ಸಣ್ಣ ಲಾಡ್ಜುಗಳವರೂ ಗೊಣಗುತ್ತಿದ್ದಾರೆ. ಅವೂ ಹೋದರೆ ಒಗೆಯುವ ಕಲ್ಲಿನ ಮೇಲೆ ಕೂತು ಗುಡ್ಡ ನೋಡಬೇಕು.

"ನಾಳೆ ನಾವು ಯಾರೂ ಇಳಿಯಲ್ಲ," ಅಂದಳು. "ಎಲ್ಲ ಮಾತಾಡ್ಕೊಂಡಿದೀವಿ. ಬಸ್ಸು ಹೇಗೂ ಆ ಕಡೇಗೆ ಹೋಗುತ್ತೆ, ಕೂತಿರ್ತೀವಿ. ನಿಂಗೆ ಮುಂಚೇನೇ ಹೇಳ್ತಿದೀನಿ. ನಾಳೆ ರಜಾ ಹಾಕ್ಬಿಡು. ಬೇರೆ ಕಂಡಕ್ಟರ್ ಇರ್ಲಿ. ನಿಂಗೆ ತೊಂದ್ರೆ ಆಗೋದು ಬೇಡ."

ನಾನು ರಜಾ ಹಾಕಲಿಲ್ಲ. ಧೈರ್ಯ ಅಂತ ಯಾರೂ ತಿಳಿಯಬೇಡಿ. ಟ್ರಾಮಿಗೆ ಜನ ಆರಿಸುವುದು ಆ ವಾರವೇ ಇತ್ತು. ರಜಾ ಹಾಕಿದರೆ ಹೆಸರು ಕೆಡುತ್ತದೆ ಅಂತ ಹೋದೆ.

ಬಸ್ಸು ದೊಡ್ಡ ರಸ್ತೆಯ ಬಾಯಲ್ಲಿ ನಿಂತಿತು. ಯಾರೂ ಏಳಲಿಲ್ಲ. ಇಸ್ತ್ರಿ ಅಂಗಿಯ ಕೆಲವರು ಇಳಿದು ಟ್ರಾಮಿನ ಕಡೆ ಓಡಿದರು. ಉಳಿದವರು ಕೂತರು. ಸೊಪ್ಪಿನಜ್ಜಿ, ಆಯಾಗಳು, ಗಾರೆಯವರು, ಮೂಟೆ ಮಡಿಲಲ್ಲಿಟ್ಟುಕೊಂಡ ಅಮ್ಮ. ಡ್ರೈವರಣ್ಣ ಎಂಜಿನ್ ನಿಲ್ಲಿಸಿ ಬೀಡಿ ಹಚ್ಚಿದ.

"ನಾನು ಡಿಪೋಗೆ ಹೋಗ್ಬೇಕು ಅಷ್ಟೆ. ಹಿಂದೆ ಯಾರು ಕೂತಿದ್ರೆ ನಂಗೇನು?"

ನಾನು ಇಳೀರಿ ಅನ್ನಲಿಲ್ಲ. ಕೂತ್ಕೊಳ್ಳಿ ಅಂತಲೂ ಅನ್ನಲಿಲ್ಲ. ಕಂಬ ಹಿಡಿದುಕೊಂಡು ನಿಂತಿದ್ದೆ. ಕೆಮ್ಮು ಸಾಹೇಬ ಹತ್ತಿ ಬಂದ.

"ಏನಿದು? ಇಳೀರಿ ಎಲ್ಲ."

"ಇಳಿಯಲ್ಲ ಸ್ವಾಮಿ," ಸೊಪ್ಪಿನಜ್ಜಿ ಅಂದಳು. "ದುಡ್ಡು ತಗೊಳ್ಳಿ, ಮಾರ್ಕೆಟ್ ಹತ್ರ ಇಳಿಸಿ."

"ಪೊಲೀಸ್ ಕರೆಸ್ತೀನಿ."

"ಕರೆಸಿ. ಅವ್ರಾದ್ರೂ ಜೀಪಲ್ಲಿ ಕರ್ಕೊಂಡು ಹೋಗ್ತಾರೆ. ಠಾಣೆ ಇರೋದೂ ಮಾರ್ಕೆಟ್ ಹತ್ರಾನೇ."

ಬಸ್ಸೆಲ್ಲ ನಕ್ಕಿತು. ಸಾಹೇಬನ ಮುಖ ಕೆಂಪಾಯಿತು. ಅವನು ನನ್ನ ಕಡೆ ತಿರುಗಿದ.

"ಇವರು ಇಲ್ಲಿಂದ ಒಂದು ಹೆಜ್ಜೆ ಮುಂದೆ ಬಂದ್ರೆ ಎಲ್ಲ ಟಿಕೆಟ್ ಇಲ್ಲದ ಗಿರಾಕಿಗಳು. ಅಷ್ಟೂ ನಿನ್ನ ತಲೆ ಮೇಲೆ. ಟ್ರಾಮ್ ಮರೆತುಬಿಡು, ನಾಳೆಯಿಂದ ಈ ಬಸ್ಸೂ ಇಲ್ಲ. ಗೊತ್ತಾಯ್ತಾ? ಯಾರಿದಕ್ಕೆಲ್ಲ ಮುಂದಾಳು? ಆ ಮೂಟೆಯವಳಾ? ಏನು, ನಿನ್ನ ಕಡೆಯವಳೋ?"

ಕೂತವರಿಗೆಲ್ಲ ಗೊತ್ತಿತ್ತು. ಒಬ್ಬರೂ ಹೇಳಲಿಲ್ಲ. ನಾನು ಬಾಯಿ ತೆರೆದೆ. ಹೌದು ಅನ್ನಲು ತೆರೆದೆನೋ ಇಲ್ಲ ಅನ್ನಲೋ, ನನಗೇ ಗೊತ್ತಿಲ್ಲ. ಅಷ್ಟರಲ್ಲಿ ಅಮ್ಮ ಎದ್ದು ನಿಂತಿದ್ದಳು.

"ಅವ್ರ ಕಡೆಯವಳೂ ಅಲ್ಲ, ಇವ್ರ ಕಡೆಯವಳೂ ಅಲ್ಲ ಸ್ವಾಮಿ. ಅವ್ರು ಯಾರೋ, ನಾನ್ಯಾರೋ. ಯಾರ ಮನೆ ಹೆಣ್ಣುಮಗಳೋ ಪಾಪ, ದುಡ್ಕೊಂಡು ತಿಂತಿದೆ. ಅದರ ಅನ್ನಕ್ಕೆ ಕಲ್ಲು ಹಾಕೋಕೆ ನಾನು ಬಂದಿಲ್ಲ. ಏಳ್ರೇ ಎಲ್ಲ. ಇಳಿಯೋಣ."

ಪೊಲೀಸಿಗೆ ಹೆದರದವಳು ನನ್ನ ಕೆಲಸಕ್ಕೆ ಹೆದರಿದಳು. ಮೂಟೆಯನ್ನು ಒಬ್ಬಳೇ ತಲೆಗೆ ಏರಿಸಲು ನೋಡಿದಳು. ಸೀಟುಗಳ ನಡುವೆ ಆಗಲಿಲ್ಲ. ನನ್ನ ಕಡೆ ತಿರುಗಿದಳು. ಮುಖದಲ್ಲಿ ಕೋಪ ಇರಲಿಲ್ಲ.

"ಸ್ವಲ್ಪ ಕೈ ಕೊಡ್ತೀರಾ ಕಂಡಕ್ಟರಮ್ಮಾ?"

ಕೊಡ್ತೀರಾ. ನನ್ನ ಕಿವಿ ಉರಿಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೈ ಕೊಟ್ಟೆ. ಈ ಎರಡು ಕೈಯಿಂದಲೇ ಮೂಟೆ ಎತ್ತಿ ಅವಳ ತಲೆಯ ಮೇಲಿಟ್ಟೆ. ಅವಳು ಇಳಿದಳು. ಹಿಂದೆ ಎಲ್ಲರೂ ಇಳಿದರು. ಇಳಿಯುವಾಗ ಒಬ್ಬರೂ ನನ್ನ ಮುಖ ನೋಡಲಿಲ್ಲ.

"ಭೇಷ್," ಅಂದ ಸಾಹೇಬ. ನನ್ನ ಬೆನ್ನು ತಟ್ಟಿದ. "ಹೀಗೆ ಇರ್ಬೇಕು. ಗಲಾಟೆ ಇಲ್ಲದೆ ಇಳಿಸಿದೆ. ಟ್ರಾಮಿಗೆ ನಿನ್ನ ಹೆಸರು ಹೇಳ್ತೀನಿ. ಹೂಂ, ರೈಟ್ ಹೇಳು. ಗಾಡಿ ಹೋಗ್ಲಿ."

ಕಂಡಕ್ಟರು ರೈಟ್ ಅನ್ನದೆ ಬಸ್ಸು ಕದಲುವುದಿಲ್ಲ. ಡ್ರೈವರಣ್ಣ ಎಂಜಿನ್ ಶುರು ಮಾಡಿ ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದ. ಸಾಹೇಬ ತಟ್ಟಿದ ಕೈ ನನ್ನ ಬೆನ್ನ ಮೇಲೆ ಇನ್ನೂ ಬಿಸಿಯಾಗಿ ಕೂತಿತ್ತು.

"ಹೇಳಲ್ಲ."

"ಏನು?"

"ರೈಟ್ ಹೇಳಲ್ಲ. ಅವಳು ನಮ್ಮಮ್ಮ."

"ಯಾರು?"

"ಮೂಟೆಯವಳು. ಈಗ ನಾನು ಇಳಿಸಿದ್ನಲ್ಲ, ನೀನು ಭೇಷ್ ಅಂದ್ಯಲ್ಲ, ಅವಳು. ನನ್ನ ಹೆತ್ತೋಳು. ಲಾಡ್ಜಿನ ಕೊಳೆ ಒಗೆದು ನನ್ನ ಓದಿಸ್ದೋಳು."

"ಏಯ್, ಯಾರಿಗೆ ನೀನು ಅಂತಿದೀಯ?"

"ನಿಂಗೇ."

ಮೆಷಿನ್ನಿನ ಪಟ್ಟಿಯನ್ನು ಕತ್ತಿನಿಂದ ತೆಗೆದು ಸೀಟಿನ ಮೇಲಿಟ್ಟೆ. ಚೀಲವನ್ನೂ ಇಟ್ಟೆ. ಇಳಿದೆ. ಬಸ್ಸು ತಿರುಗುವ ಜಾಗದಲ್ಲಿ ಅಡ್ಡಡ್ಡ ನಿಂತಿತ್ತು. ಹಿಂದೆ ಬೇರೆ ಫೀಡರ್ ಬಸ್ಸುಗಳು ಹಾರನ್ ಹೊಡೆಯತೊಡಗಿದವು. ಡ್ರೈವರಣ್ಣ ಎಂಜಿನ್ ಆರಿಸಿಬಿಟ್ಟ.

ನಾನು ಓಡಿದೆ. ಅಮ್ಮ ಚರಂಡಿಯ ಕಲ್ಲಿನ ಮೇಲೆ ಎಲ್ಲರಿಗಿಂತ ಹಿಂದೆ ಬಿದ್ದಿದ್ದಳು. ನನ್ನನ್ನು ನೋಡಿ ನಿಂತಳು.

"ಯಾಕೆ ಬಂದೆ? ಹೋಗು ವಾಪಸ್ಸು. ತಲೆ ಕೆಟ್ಟಿದೆಯಾ? ನಾನು ಅಷ್ಟು ಹೇಳಿ ಇಳಿದು ಬಂದಿದ್ದು ಯಾತಕ್ಕೆ?"

"ಕೊಡಮ್ಮ ಮೂಟೆ."

"ಕೆಲ್ಸ ಕಳ್ಕೊಂಡ್ಯಾ?"

"ಕೊಡು ಅಂದೆ."

ಕೊಡಲಿಲ್ಲ. ಎಳೆದುಕೊಂಡೆ. ತಲೆಗೆ ಏರಿಸಿಕೊಂಡೆ. ಕತ್ತು ಎದೆಯೊಳಗೆ ಇಳಿದ ಹಾಗಾಯಿತು. ಕಣ್ಣು ಕತ್ತಲೆ ಬಂತು. ಮಡಿಸಿಟ್ಟ ಬಿಳಿ ಬಟ್ಟೆ, ಎಷ್ಟು ಭಾರ ಇದ್ದೀತು ಅಂದುಕೊಂಡಿದ್ದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಒಂದು ದಿನವೂ ತಲೆಯ ಮೇಲೆ ಹೊತ್ತು ನೋಡಿರಲಿಲ್ಲ. ಇದನ್ನು ಹೊತ್ತವಳಿಗೆ ಕಾಣಬಾರದು ಅಂತ ಕಿಟಕಿಗಿಂತ ಕೆಳಗೆ ಬಗ್ಗಿದ್ದೆ. ಚರಂಡಿಯ ಕಲ್ಲಿನ ಮೇಲೆ ನಿಲ್ಲಲಾಗಲಿಲ್ಲ. ಹಳಿಯ ನಡುವಿನ ಸಮ ನೆಲಕ್ಕೆ ಇಳಿದು ನಡೆಯತೊಡಗಿದೆ.

ಅಮ್ಮ ಬೈಯುತ್ತಲೇ ನನ್ನ ಪಕ್ಕ ಬಂದಳು. ಸೊಪ್ಪಿನಜ್ಜಿ ನೋಡಿದಳು, ಬುಟ್ಟಿಯ ಸಮೇತ ಹಳಿಗೆ ಇಳಿದಳು. ಆಯಾಗಳು ಇಳಿದರು. ಗಾರೆಯವರು ಇಳಿದರು. ಯಾರೂ ಯಾರಿಗೂ ಹೇಳಲಿಲ್ಲ. ಅಲ್ಲಿ ನಡೆಯಲು ಬರುತ್ತಿತ್ತು, ಅಷ್ಟೇ.

ಹಿಂದೆ ಗಂಟೆ ಬಾರಿಸಿತು. ಮತ್ತೆ ಬಾರಿಸಿತು. ಟ್ರಾಮು ನಮ್ಮ ಬೆನ್ನಿಗೆ ಬಂದು, ನಮ್ಮ ನಡಿಗೆಯಷ್ಟೇ ನಿಧಾನಕ್ಕೆ ತೆವಳತೊಡಗಿತು. ಗಾರ್ಡು ಬಾಗಿಲಿಂದ ಅರ್ಧ ಹೊರಗೆ ಜೋತುಬಿದ್ದ.

"ಪಕ್ಕಕ್ಕೆ ಸರೀರಿ! ಲೈನ್ ಬಿಡಿ!"

"ಎಲ್ಲಿಗಪ್ಪ ಸರಿಯೋದು?" ಅಮ್ಮ ಕೂಗಿದಳು. "ಫುಟ್‌ಪಾತ್ ಎಲ್ಲಿಟ್ಟಿದೀರ ತೋರ್ಸು, ಹೋಗ್ತೀವಿ."

"ಆಫೀಸಿಗೆ ಲೇಟಾಗ್ತಿದೆ ಕಣ್ರೀ!" ಒಳಗಿನಿಂದ ಯಾರೋ ಕಿರುಚಿದರು.

"ನಮಗೂ ಆಗಿದೆ."

ಅಂಗಡಿಗಳ ಮುಂದೆ ಜನ ಸೇರಿದರು. ಖಾಕಿ ಹಾಕಿಕೊಂಡ ಹೆಂಗಸು ಮೂಟೆ ಹೊತ್ತು ಹಳಿಯ ಮೇಲೆ ಹೋಗುತ್ತಿರುವುದನ್ನು ಬಾಯಿ ಬಿಟ್ಟು ನೋಡಿದರು. ಅಲ್ಲಿ ನನ್ನ ಗುರುತಿನವರಿದ್ದರು, ಡಿಪೋದವರಿದ್ದರು. ತಲೆ ತಗ್ಗಿಸಬೇಕು ಅನ್ನಿಸಿತು. ಅವರ ಮುಂದೆ ಅಲ್ಲ, ಪಕ್ಕದಲ್ಲಿ ಬರಿಗೈಯಲ್ಲಿ ನಡೆಯಲು ಬಾರದೆ ಕೈ ಎಲ್ಲಿಡಬೇಕೋ ತಿಳಿಯದೆ ಬರುತ್ತಿದ್ದ ಅಮ್ಮನ ಮುಂದೆ. ತಗ್ಗಿಸಿದರೆ ಮೂಟೆ ಬೀಳುತ್ತಿತ್ತು. ತಗ್ಗಿಸಲಿಲ್ಲ.